ಅಮ್ಮನ ಚೀಲ ಪ್ರೀತಿ

ಆ ತಾಯಿಗೆ ಚಿಕ್ಕಂದಿನಿಂದಲೂ ದೊಡ್ಡ ಚೀಲವೆಂದರೆ ಪ್ರಾಣ. ಛತ್ರಿ, ನೀರಿನ ಬಾಟಲಿ, ತರಕಾರಿ, ಮಗಳ ಸ್ವೆಟರು ಎಲ್ಲಕ್ಕೂ ಅದರಲ್ಲಿ ಜಾಗವಿರಬೇಕು. ಮಗಳು ಆರನೇ ತರಗತಿಗೆ ಬಂದಾಗ ಅಂಗಡಿಯಲ್ಲಿದ್ದ ಅತಿ ದೊಡ್ಡ ಬೆನ್ನುಚೀಲವನ್ನೇ ಕೊಡಿಸಿದರು. ಜಾಗವಿದ್ದ ಮೇಲೆ ತುಂಬದೆ ಇದ್ದೀತೆ? “ಅಮ್ಮಾ, ಭುಜ ನೋಯುತ್ತೆ” ಎಂದಳು ಮಗಳು. ತೂಗಿ ನೋಡಿದರೆ ಚೀಲ 6 ಕೆ.ಜಿ., ಹುಡುಗಿ 30 ಕೆ.ಜಿ.!

ಕೇಂದ್ರದ 2020ರ ಶಾಲಾ ಚೀಲ ನೀತಿಯಂತೆ ಹೊರೆ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು. ಅಂದರೆ ಈಕೆಗೆ 3 ಕೆ.ಜಿ. ಅಗಲವಾದ ಪಟ್ಟಿ ಭುಜದ ಮೇಲಿನ ಒತ್ತಡವನ್ನು ತಗ್ಗಿಸುತ್ತದೆ, ಭಾರವನ್ನಲ್ಲ. ತಾಯಿಯ ಚೀಲ ಪ್ರೀತಿ ಇಂದಿಗೂ ಹಾಗೇ ಇದೆ. ಆದರೆ ಈಗ ದಿನವೂ ರಾತ್ರಿ ಮಗಳೊಂದಿಗೆ ಕುಳಿತು, ವೇಳಾಪಟ್ಟಿ ನೋಡಿ, ಮರುದಿನಕ್ಕೆ ಬೇಡದ ಪುಸ್ತಕಗಳನ್ನು ಹೊರಗಿಡುತ್ತಾರೆ.

ಪಾಲಕರೇ, ನೀವೂ ಒಮ್ಮೆ ಮಕ್ಕಳ ಚೀಲ ಎತ್ತಿ ನೋಡಿ.