ಓಚರ್ ಅಕ್ಕ

ನಮ್ಮಕ್ಕ ಮೈಸೂರಿನ ಒಂದು ಸ್ಟುಡಿಯೋದಲ್ಲಿ ಕೆಲ್ಸಕ್ಕ ಸೇರಿ ಒಂಬತ್ತು ವರ್ಷ ಆಯ್ತು. ಇವತ್ತಿನಗಂಟ ಒಂದು ಫೋಟೋನೂ ನೆಟ್ಟಗ ತಗ್ದಿಲ್ಲ. ಹಬ್ಬದ ದಿನ ಮೊಬೈಲ್ ಕೈಗ ಕೊಟ್ಟು "ಅಕ್ಕ, ಒಂದು ಗ್ರೂಪ್ ಫೋಟೋ ತಗಿ" ಅಂದ್ರ ಅರ್ಧ ಜನ್ರ ತಲೇನೇ ಇರಲ್ಲ. ಊರವ್ರು ಮಾತ್ರ "ಅವ್ಳು ಸಿನಿಮಾ ತೆಗೆಯೋ ಕಡ ದೊಡ್ಡ ಕೆಲ್ಸದಲಿ ಅವ್ಳ" ಅಂತಾರ. ಅವ್ಳ ಕುತ್ತಿಗೇಲಿರೋ ಕಾರ್ಡಲ್ಲಿ ಬರ್ದಿರೋದು ಆಫೀಸ್ ಅಡ್ಮಿನ್ ಅಂತ.

ಅಕ್ಕ ಅಂದ್ರ ನನ್ನ ವಾರಗಿತ್ತಿ, ನಮ್ಮ ಭಾವನ ಹೆಂಡ್ತಿ. ನಮ್ಮೂರು ಗುಂಡ್ಲುಪೇಟೆಯಿಂದ ಊಟಿ ರೋಡಲ್ಲಿ, ಹಂಗಳದ ಹತ್ರ. ಇಲ್ಲಿಂದ ಬೆಳಿಗ್ಗ ಆರೂವರೆ ಬಸ್ಸು ಹಿಡ್ದು ಗುಂಡ್ಲುಪೇಟೆ, ಅಲ್ಲಿಂದ ಬೇಗೂರು, ನಂಜನಗೂಡು ದಾಟಿ ಮೈಸೂರು. ಹೋಗ್ತಾ ಬರ್ತಾ ನೂರಮೂವತ್ತು ಕಿಲೋಮೀಟ್ರು ಮೇಲಾಯ್ತದ. ಬಸ್ಸಲ್ಲಿ ಸೀಟು ಸಿಕ್ರ ನಿದ್ದ, ಸಿಗ್ನಿಲ್ಲ ಅಂದ್ರ ಫೋನು.

ಆ ಸ್ಟುಡಿಯೋದವ್ರು ಮದುವೆ ಸಿನಿಮಾ, ಜಾಹೀರಾತು, ರೆಸಾರ್ಟಿನ ವಿಡಿಯೋ ಎಲ್ಲ ಮಾಡ್ತಾರ. ಬೋರ್ಡಲ್ಲಿ ಕ್ರಿಯೇಟಿವ್ ಸ್ಟುಡಿಯೋ ಅಂತ ಅದ. "ಅವ್ರೆಲ್ಲ ಕ್ರಿಯೇಟಿವ್ವು ಕನಾ, ನಾನು ರಸೀದಿ" ಅಂತಾಳ ಅಕ್ಕ. ಯಾರು ಯಾವ ಊರ್ಗ ಹೋಗ್ಬೇಕು, ಕಾರು ಯಾವುದು, ಬ್ಯಾಟ್ರಿ ಚಾರ್ಜ್ ಆಯ್ತಾ, ಊಟ ಎಷ್ಟು ಜನಕ್ಕ, ಅಡ್ವಾನ್ಸ್ ಬಂತಾ, ಜಿಎಸ್‌ಟಿ ಕಟ್ಟಾಯ್ತಾ, ಎಲ್ಲ ಅವ್ಳ ತಲೇಲಿ. ತೆಗೆದದ್ದನ್ನೆಲ್ಲ ಎರಡೆರಡು ಹಾರ್ಡ್ ಡಿಸ್ಕ್‌ಗ ಹಾಕ್ಸಿ, ಒಂದನ್ನ ಆಫೀಸಲ್ಲಿ, ಇನ್ನೊಂದನ್ನ ಬೇರೆ ಕಟ್ಟಡದಲ್ಲಿ ಇಡ್ತಾಳ. ಡಿಸ್ಕಿನ ಮೇಲ ಚೀಟಿ, ಚೀಟಿಗ ತಕ್ಕಂಗ ಪುಸ್ತಕ.

ನಮ್ಮನೆ ಅಡುಗೆಮನೇಲೂ ಅಂಗೇ. ಹುಣಸೆಹಣ್ಣಿನ ಡಬ್ಬಿ ಮೇಲ ತಿಂಗಳು, ವರ್ಷ. ಹುರುಳಿಕಾಳಿನ ಡಬ್ಬಿ ಮೇಲ ಯಾವ ಹೊಲದ್ದು ಅಂತ. ಮೊದಮೊದ್ಲು ನಂಗ ನಗು ಬರೋದು. ಆಮ್ಯಾಲ ಒಂದಿನ ಮಗಳ ಜನನ ಪತ್ರ ಸ್ಕೂಲಲ್ಲಿ ಕೇಳಿದ್ರು, ನಾ ಮನೆಯೆಲ್ಲ ಕಿತ್ತು ಹಾಕ್ದಿ. ಫೋನ್ ಮಾಡಿದ್ರ ಬಸ್ಸಿನ ಸದ್ದಲ್ಲೇ, "ಬೀರುಲಿ ಎರಡ್ನೇ ಅರೆ, ನೀಲಿ ಫೈಲು, ಹಿಂದ್ಗಡಿಂದ ಮೂರ್ನೇದು" ಅಂದ್ಲು. ಅಲ್ಲೇ ಇತ್ತು.

ನಮ್ಮತ್ತಗ ಈ ಕೆಲ್ಸದ ಮ್ಯಾಲ ಗೌರವ ಬಂದದ್ದು ಪಾರ್ವತಮ್ಮನವರಿಂದ. ಅಣ್ಣಾವ್ರು ಗಾಜನೂರವ್ರು, ನಮ್ಮ ಜಿಲ್ಲೆ ಗಡಿ ದಾಟಿದ್ರ ಅವ್ರ ಊರು. ಇನ್ನ ಅವ್ರು ನಮ್ಮೋರಲ್ದೆ ಇನ್ಯಾರು ಅನ್ನೋದು ಅತ್ತೆ ವಾದ. ಪಾರ್ವತಮ್ಮ ರಾಜ್‌ಕುಮಾರ್ 1975ರಲ್ಲಿ ತ್ರಿಮೂರ್ತಿ ಸಿನಿಮಾದಿಂದ ನಿರ್ಮಾಪಕಿ ಆದ್ರು. ಮುಂದ ಮನೇನೂ ಕಂಪ್ನಿನೂ ಒಟ್ಟಿಗೆ ನಡೆಸಿದ್ರು. 2017ರಲ್ಲಿ ಅವ್ರು ತೀರಿಕೊಂಡಾಗ ಅತ್ತೆ ಟೀವಿ ಮುಂದ ಕೂತು ಅಂದದ್ದು ಇಷ್ಟೆ: "ಪರದೆ ಮ್ಯಾಲ ಕಾಣೋರು ಕಾಣ್ತಾರ. ಲೆಕ್ಕ ಇಡೋರು ಇಲ್ದಿದ್ರ ಪರದೆ ಎಲ್ಲಿಂದ ಬತ್ತದ?" ಅವತ್ತಿಂದ ಅಕ್ಕನ ಊಟದ ಡಬ್ಬಿಗ ತುಪ್ಪ ಬೀಳಕ ಶುರುವಾಯ್ತು.

ಕಾಡಂಚಿನವಳಾದ್ದರಿಂದ ಅಕ್ಕನ್ಗ ಆಫೀಸಲ್ಲಿ ಇನ್ನೊಂದು ಕೆಲ್ಸ. 2009ರಿಂದ ಬಂಡೀಪುರದ ರೋಡಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಬುಡದಿಲ್ಲ. ಕೆಲವು ಬಸ್ಸು, ಆಂಬುಲೆನ್ಸ್ ಬುಟ್ರ ಮಿಕ್ಕವೆಲ್ಲ ಗೇಟಾಚೇನೇ. ವಯನಾಡಿನ ಕಡ ಶೂಟಿಂಗ್ ಹೋದವ್ರು ಒಂದ್ಸಲ ಐದು ನಿಮಿಷ ತಡ ಮಾಡಿ, ಇಡೀ ರಾತ್ರಿ ಕಾರಲ್ಲೇ ಕೂತಿದ್ರಂತ. ಆವತ್ತಿಂದ ಅಕ್ಕ ಸಾಯಂಕಾಲ ಆರೂವರೆಗೇ ಫೋನ್ ಮಾಡಿ "ಪ್ಯಾಕಪ್" ಅಂತಾಳ. ಸೂರ್ಯ ಮುಳುಗೋದು ಚೆನ್ನಾಗಿದ್ರೂ ಸರಿಯೇ. ಗೋಪಾಲಸ್ವಾಮಿ ಬೆಟ್ಟಕ್ಕ ಸ್ವಂತ ಕಾರು ಹತ್ತದಿಲ್ಲ, ಕೆಳಗಿಂದ ಸರ್ಕಾರಿ ಬಸ್ಸಲ್ಲೇ ಹೋಗ್ಬೇಕು ಅಂತ ಮದುವೆ ಪಾರ್ಟಿಗಳಿಗೆ ಹೇಳಿ ಹೇಳಿ ಅವ್ಳ ಗಂಟ್ಲು ಒಣಗದ. ಕಾಡಿನ ಮ್ಯಾಲ ಡ್ರೋನ್ ಹಾರ್ಸಕ ಹುಡುಗರು ಕೇಳಿದ್ರ, "ಪರ್ಮಿಷನ್ ಕಾಗ್ದ ತೋರ್ಸಿ, ಡ್ರೋನ್ ತಕ್ಕಳಿ" ಅಂತ ಬೀರು ಬೀಗ ಸೊಂಟಕ್ಕ ಸಿಕ್ಕಿಸ್ಕತಾಳ.

ಇಷ್ಟೆಲ್ಲ ಹೊಗಳ್ತಾ ಇವ್ನಿ. ಈಗ ನನ್ನ ತಪ್ಪು ಹೇಳ್ತೀನಿ.

ಎರಡು ವರ್ಷದ ಹಿಂದ ಆಷಾಢ. ಮದುವೆ ಇಲ್ದಿರೋ ತಿಂಗಳು, ಸ್ಟುಡಿಯೋದವ್ರಿಗೆ ಜಾಹೀರಾತಿನ ಕಾಲ. ನಮ್ಮ ಕಡ ಚೆಂಡುಹೂವು, ಸೂರ್ಯಕಾಂತಿ ಅರಳಿ ರೋಡಿನ ಎರಡೂ ಕಡ ಅರಿಸಿನ ಚೆಲ್ದಂಗ ಇರ್ತದ. ಕೇರಳದ ಕಾರುಗಳೆಲ್ಲ ನಿಲ್ಲಿಸಿ ಫೋಟೋ ತೆಗೀತಾರ, ಹೊಲದವ್ರು ತಲೆಗಿಷ್ಟು ಅಂತ ಇಸ್ಕತಾರ. ಸ್ಟುಡಿಯೋದವ್ರು ನಮ್ಮೂರಲ್ಲಿ ಮೂರು ಹೊಲ ಬಾಡಿಗೆಗ ತಕ್ಕಂಡ್ರು. ಒಂದು ನಮ್ಮ ಮಾವಂದು. ಕ್ಯಾಮೆರಾದವ್ರು ಹಿಂದಹಿಂದಕ್ಕ ನಡೀತಾ ನಮ್ಮ ಚೆಂಡುಹೂವಿನ ಸಾಲು ತುಳ್ದು ಹಾಕಿದ್ರು.

ಭಾನುವಾರ ಅಕ್ಕ ಪುಸ್ತಕ ಹಿಡ್ಕಂಡು ಹೊಲಕ್ಕ ಬಂದ್ಲು. ಮಾವ ಹನ್ನೆರಡು ಸಾಲು ಅಂದ್ರು. ಅಕ್ಕ ಒಂದೊಂದೇ ಸಾಲು ನಡೆದು ನೋಡಿ ಎಂಟು ಅಂತ ಬರ್ದ್ಲು.

"ಹನ್ನೆರಡು ಬರ್ದ್ರ ನಿನ್ನ ಗಂಟೇನು ಹೋಗ್ತಿತ್ತು?"

"ತುಳ್ದಿರದು ಎಂಟೇ ಮಾವ."

ಅದನ್ನೂ ಮಾವ ನುಂಗ್ಕಂಡ್ರು. ಆದ್ರ ದುಡ್ಡು ಬರ್ನಿಲ್ಲ. ಜಾಹೀರಾತು ಕೊಟ್ಟವ್ರು ಸ್ಟುಡಿಯೋಗ ಕೊಟ್ಟಿಲ್ಲ, ಸ್ಟುಡಿಯೋದವ್ರು ಇವತ್ತು ನಾಳೆ ಅಂದ್ರು. ಒಂದಿನ ಮಾವ ಟೀ ಅಂಗ್ಡಿಲಿ ಕೂತಿದ್ದಾಗ ಪಕ್ಕದ ಹೊಲದವ್ರು "ನಂಗ ಬಂದು ತಿಂಗಳಾಯ್ತಲ್ಲಪ್ಪ, ನಿನ್ನ ಸೊಸೇನೇ ತಂದ್ಕೊಟ್ಲು" ಅಂದವ್ರೆ. ಇನ್ನೊಬ್ರಿಗೂ ಬಂದಿತ್ತು.

ಮಾವ ಆ ರಾತ್ರಿ ಉಣ್ಣಕ ಕೂತವ್ರು ತಟ್ಟೆ ತಳ್ಳಿ ಎದ್ರು. "ಅನ್ನ ಈ ಮನೇದು, ನಿಯತ್ತು ಮೈಸೂರ್ದು" ಅಂದ್ರು. ಅಕ್ಕ ತಲೆ ಎತ್ನಿಲ್ಲ. ಭಾವ ಗೋಡೆ ನೋಡ್ತಾ ಕೂತ್ರು.

ಪಾತ್ರೆ ತೊಳಿವಾಗ ನಾ ಕೇಳ್ದಿ, "ನಮ್ದನ್ನೇ ಮೊದ್ಲು ಕೊಡಬೌದಿತ್ತಲ್ಲಕ್ಕ?"

"ನಮ್ಮನೇದು ಮೊದ್ಲು ಮಾಡಿದ್ರ ಅವ್ರಿಬ್ರೂ ಯಾರನ್ನ ಕೇಳ್ತಾರ? ಅವ್ರಿಗೆ ಅಲ್ಲಿ ನನ್ನ ಬುಟ್ರ ಯಾರವ್ರ? ಮಾವನ್ಗಾದ್ರ ನಾ ಮನೇಲೇ ಇವ್ನಿ, ಬಯ್ಯಬೌದು" ಅಂದ್ಲು. ಆಮ್ಯಾಲ ಕೈ ಒರ್ಸಿ ಪುಸ್ತಕ ತಗ್ದು ತೋರ್ಸಿದ್ಲು. ಕೊಡ್ಬೇಕಾದವ್ರ ಪಟ್ಟಿ. ಇಬ್ರ ಹೆಸ್ರು ಹೊಡ್ದಿತ್ತು. ಮೂರ್ನೇದು ಮಾವಂದು. ಅದ್ರ ಕೆಳಗ, ಪೆನ್ಸಿಲಲ್ಲಿ, ಅವ್ಳ ಆ ತಿಂಗಳ ಸಂಬಳ.

ನಾ ಅದನ್ನ ಮಾವನ್ಗ ಹೇಳ್ಬೇಕಿತ್ತು. ಹೇಳ್ನಿಲ್ಲ. ಯಾಕ ಅಂದ್ರ, ನಿಜ ಹೇಳ್ತೀನಿ, ನಂಗ ಒಳಗೊಳಗೇ ಸಮಾಧಾನ ಆಗಿತ್ತು. ವರ್ಷಗಟ್ಲೆ ಈ ಮನೇಲಿ ಅಕ್ಕ ಸರಿ, ಅಕ್ಕ ಜಾಣೆ, ಅಕ್ಕ ಸಂಬಳ ತತ್ತಾಳ. ಕೊಟ್ಗೆ, ಒಲೆ, ಮಕ್ಕಳ ಸ್ಕೂಲು ನೋಡೋ ನನ್ನ ಯಾರು ಕೇಳಿದ್ರು? ಒಂದ್ಸಲ ಅವ್ಳೂ ತಪ್ಪಿತಸ್ತೆ ಆಗ್ಲಿ ಬುಡು ಅಂತ ಸುಮ್ಮಗಾದಿ.

ಆದ್ರ ಆ ಸುಮ್ಮನಿರೋದ್ರ ಬೆಲೆ ಕಟ್ಟಿದ್ದು ಅಕ್ಕ. ಅಲ್ಲೀಗಂಟ ದಿನಾ ಬೆಳಿಗ್ಗ ಮಾವ ಟೀವಿಎಸ್ ಗಾಡೀಲಿ ಅವ್ಳ ಬಸ್ ಸ್ಟಾಪಿಗೆ ಬುಡೋರು. ಹೊಲದಂಚಲ್ಲಿ ರಾತ್ರಿ ಬಂದ ಆನೆ ಒಂದೊಂದ್ಸಲ ಬೆಳಕು ಹರಿದ್ರೂ ಕಾಡಿಗೆ ತಿರುಗಿರದಿಲ್ಲ. ಆ ರಾತ್ರಿಯಿಂದ ಮಾವ ಗಾಡಿ ಕೀಲಿ ಮುಟ್ನಿಲ್ಲ. ಭಾವನ್ಗ ರಾತ್ರಿ ಪಾಳಿ. ಅಕ್ಕ ಒಂದು ಕಿಲೋಮೀಟ್ರು ಒಬ್ಳೇ ಟಾರ್ಚ್ ಹಿಡ್ಕಂಡು ನಡ್ದು ಹೋಗೋಳು. ನಾ ಕಿಟಕೀಲಿ ಆ ಬೆಳಕು ನೋಡ್ತಾ ನಿಲ್ತಿದ್ದಿ. ಹತ್ರ ಹತ್ರ ಎರಡು ತಿಂಗಳು.

ದೀಪಾವಳಿ ಹಿಂದಿನ ದಿನ ಊರ ಹೊರಗಿನ ಬಾಳೆ ತೋಟಕ್ಕ ಆನೆ ನುಗ್ಗಿದ್ದ ಸುದ್ದಿ ಬಂತು. ಅವ್ಳು ನಡಿಯೋ ದಾರೀಲೇ. ನಂಗ ಕೈಕಾಲು ತಣ್ಣಗಾದೊ. ಮಾವನ ಮುಂದ ಹೋಗಿ ಪೆನ್ಸಿಲಲ್ಲಿ ಬರ್ದದ್ದು ಏನು ಅಂತ ಹೇಳ್ಬುಟ್ಟಿ. ಅಷ್ಟೊತ್ತಿಗ ನಮ್ಮ ದುಡ್ಡೂ ಬಂದಿತ್ತು, ಅದು ಬೇರೆ ಮಾತು. ಮಾವ ಕೇಳಿಸ್ಕಂಡು ಏನೂ ಅನ್ನಿಲ್ಲ. "ನಿಂಗ ಯಾವಾಗಿಂದ ಗೊತ್ತಿತ್ತು?" ಅಂತ ಒಂದೇ ಕೇಳಿದ್ರು. ನಾ ಉತ್ತರ ಕೊಡ್ನಿಲ್ಲ.

ಹಬ್ಬ ಮುಗ್ದ ಮಾರ್ನೇ ದಿನ ಆರು ಗಂಟೆಗ ಬಾಗ್ಲಲ್ಲಿ ಟೀವಿಎಸ್ ಸದ್ದು. ಅಕ್ಕ ಡಬ್ಬಿ ಹಿಡ್ಕಂಡು ಒಂದು ಗಳಿಗೆ ನಿಂತ್ಲು, ಆಮ್ಯಾಲ ಹೋಗಿ ಹಿಂದ ಕೂತ್ಲು. ಇಬ್ರೂ ಮಾತಾಡ್ನಿಲ್ಲ.

ಅಕ್ಕನ್ಗ ನನ್ನ ವಿಷಯ ಗೊತ್ತಾ? ಗೊತ್ತಿರ್ತದ, ಅವ್ಳ್ಗ ಗೊತ್ತಿಲ್ದೆ ಇರೋದು ಯಾವುದು. ಒಂದಿನಾನೂ ಕೇಳಿಲ್ಲ. ಇದನ್ನ ಬರ್ಯೋ ಮುಂಚೆ ಅವ್ಳಿಗೆ ಓದಿ ಹೇಳ್ದಿ. ಎಲ್ಲ ಕೇಳಿ, "ಆರೂವರೆ ಬಸ್ಸಲ್ಲ, ಆರೂ ಮುಕ್ಕಾಲು. ತಿದ್ದು" ಅಂದ್ಲು. ನಾ ಅದನ್ನ ತಿದ್ದಿಲ್ಲ, ಅವ್ಳ ಗುಣ ನಿಮಗೂ ಗೊತ್ತಾಗ್ಲಿ ಅಂತ.

ಮಾವ ಈಗ ಹೂವಿನ ಲಾರಿಯವ್ರು ತೂಕ ಹಾಕಿ ಹೊರಟ್ರ ಟವಲು ಅಡ್ಡ ಹಿಡ್ದು ನಿಲ್ಲಿಸ್ತಾರ. "ಓಚರ್ ಎಲ್ಲಿ?" ಅಂತಾರ.