ಎರಡು ಮಿಲಿಮೀಟರಿನ ಅಂತರ

ಒಂದು ವಸ್ತು ನಿರುಪಯೋಗಿಯಾಯಿತೆಂದು ಲೋಕ ತೀರ್ಮಾನಿಸುವಾಗ ದೋಷವು ನಿಜಕ್ಕೂ ಆ ವಸ್ತುವಿನಲ್ಲಿಯೇ ಇರುತ್ತದೆಯೇ? ಜಪಾನಿನ ಕ್ಯಾನನ್ ಸಂಸ್ಥೆಯ ಎಫ್‌ಡಿ ಮಸೂರಗಳ ವೃತ್ತಾಂತವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1971ರಲ್ಲಿ ಎಫ್-1 ಕ್ಯಾಮೆರಾದೊಡನೆ ಎಫ್‌ಡಿ ಮೌಂಟ್ ಬಂದಿತು. ಮೌಂಟ್ ಎಂದರೆ ಮಸೂರವೂ ಕ್ಯಾಮೆರಾದ ಒಡಲೂ ಕೂಡುವ ಸಂಧಿ. ಆ ಸಂಧಿಯಿಂದ ಫಿಲ್ಮಿಗೆ 42 ಮಿಲಿಮೀಟರ್ ದೂರ. 1976ರ ಎಇ-1 ಕ್ಯಾಮೆರಾ ಈ ಮಸೂರಗಳನ್ನು ಹವ್ಯಾಸಿಗಳ ಕೈಗೂ ತಲುಪಿಸಿತು. ಕ್ಯಾಮೆರಾ ಹಳತಾದರೂ ಮಸೂರ ಉಳಿಯುತ್ತದೆಂದು ನಂಬಿ, ಹಣ ಕೂಡಿಟ್ಟು ಒಂದೊಂದಾಗಿ ಕೊಂಡವರು ಎಷ್ಟೋ ಮಂದಿ.

1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ, ತಾನಾಗಿಯೇ ಫೋಕಸ್ ಹೊಂದಿಸಿಕೊಳ್ಳುವ ಕ್ಯಾಮೆರಾಗಳ ಕಾಲ ಮೊದಲಾಯಿತು. 1987ರಲ್ಲಿ ಕ್ಯಾನನ್ ಸಂಸ್ಥೆಯು ಇಒಎಸ್ 650 ಕ್ಯಾಮೆರಾದೊಡನೆ ಇಎಫ್ ಎಂಬ ಹೊಸ ಮೌಂಟನ್ನು ತಂದಿತು. ಸನ್ನೆಕೋಲುಗಳು ಮಾಡುತ್ತಿದ್ದ ಕೆಲಸವನ್ನು ವಿದ್ಯುತ್ ಸಂಕೇತಗಳು ವಹಿಸಿಕೊಂಡವು. ಸಂಧಿಯ ದೂರವು 44 ಮಿಲಿಮೀಟರ್ ಆಯಿತು. ಹೆಚ್ಚಿದ್ದು ಎರಡೇ ಮಿಲಿಮೀಟರ್. ಆದರೆ ಹಳೆಯ ಮಸೂರವನ್ನು ಹೇಗಾದರೂ ಕೂಡಿಸಿದರೆ ಹತ್ತಿರದ ಹೂವು ಸ್ಪಷ್ಟವಾಗುವುದು, ದೂರದ ಬೆಟ್ಟ ಮಸುಕಾಗಿಯೇ ಉಳಿಯುವುದು. ಸರಿಪಡಿಸಲು ನಡುವೆ ಮತ್ತೊಂದು ಗಾಜನ್ನಿಟ್ಟರೆ ಚಿತ್ರದ ಗುಣವೇ ಕುಂದುವ ಭಯ. ಹೀಗೆ ಅನೇಕರ ಸಂಗ್ರಹ ಪೆಟ್ಟಿಗೆ ಸೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಂಧಿಗೂ ಫಿಲ್ಮಿಗೂ ನಡುವೆ ಅಷ್ಟು ಎಡೆ ಬೇಕಾದದ್ದು ಮಸೂರದ ಹಿಂದೆ ಏರಿಳಿಯುವ ಕನ್ನಡಿಗಾಗಿ. 2008ರಲ್ಲಿ ಪ್ಯಾನಸೋನಿಕ್ ಜಿ1 ಆ ಕನ್ನಡಿಯನ್ನೇ ತ್ಯಜಿಸಿತು. 2010ರ ಸೋನಿ ಇ ಮೌಂಟಿನಲ್ಲಿ ದೂರ ಕೇವಲ 18 ಮಿಲಿಮೀಟರ್. ಉಳಿದ 24 ಮಿಲಿಮೀಟರನ್ನು ತುಂಬಲು ಗಾಜಿಲ್ಲದ, ಒಳಗೆ ಬರಿಯ ಬಯಲೇ ಇರುವ ಲೋಹದ ಉಂಗುರವೊಂದು ಸಾಕಾಯಿತು. ದೂರದ ಬೆಟ್ಟ ಮತ್ತೆ ಸ್ಪಷ್ಟವಾಯಿತು. 2018ರಲ್ಲಿ ಕ್ಯಾನನ್ ತಾನೇ 20 ಮಿಲಿಮೀಟರಿನ ಆರ್‌ಎಫ್ ಮೌಂಟನ್ನು ತಂದಾಗ, ಹಳೆಯ ಮಸೂರಗಳಿಗೆ ತವರಿನಲ್ಲಿಯೂ ಅಂತಹುದೇ ಉಂಗುರದ ಮೂಲಕ ಎಡೆ ದೊರೆಯಿತು.

ಸಂಸ್ಥೆಯ ಅಂದಿನ ನಿರ್ಧಾರವನ್ನು ಸುಮ್ಮನೆ ತಪ್ಪೆನ್ನಲಾಗದು. ಹೊಸ ಕಾರ್ಯಕ್ಕೆ ಹೊಸ ಸಂಧಿ ಬೇಕಿತ್ತು. ಇಂದಿಗೂ ಎಫ್‌ಡಿ ಮಸೂರದ ಫೋಕಸನ್ನು ಕೈಯಿಂದಲೇ ಹೊಂದಿಸಬೇಕು. ಆದರೆ ಈ ಅವಧಿಯಲ್ಲಿ ಗಾಜು ಬದಲಾಗಲಿಲ್ಲ, ಅದು ಬೆಳಕನ್ನು ಕೂಡಿಸುವ ರೀತಿಯೂ ಬದಲಾಗಲಿಲ್ಲ. ಬದಲಾದದ್ದು ಅದರ ಹಿಂದಿನ ಎಡೆ ಮಾತ್ರ. ಹಳತೆಂದು ಒಂದನ್ನು ದೂರವಿಡುವ ಮುನ್ನ, ಕುಂದಿರುವುದು ಅದರ ಗುಣವೋ ಅಥವಾ ನಾವು ಕೊಟ್ಟ ಸ್ಥಾನವೋ ಎಂಬುದನ್ನು ವಿಚಾರಿಸುವುದು ಒಳಿತು.