ಸೋಮವಾರ ಮಾತ್ರ ಕೈಕೊಡುತ್ತಿದ್ದ ಕಾರು

ನಮ್ಮ ಅಕ್ಕನ ಮನೆ ಬೆಂಗಳೂರಿನ ಕತ್ರಿಗುಪ್ಪೆಯಲ್ಲಿದೆ. ಭಾವನದು ಹಳದಿ ಬೋರ್ಡಿನ ಕಾರು. ಸೋಮವಾರದಿಂದ ಶುಕ್ರವಾರದವರೆಗೆ ಒಂದು ಸಾಫ್ಟ್‌ವೇರ್ ಕಂಪನಿಯ ನೌಕರರನ್ನು ಕರೆದುಕೊಂಡು ಹೋಗಿ ಬರುವ ಕೆಲಸ. ಶನಿವಾರ, ಭಾನುವಾರ ರಜೆ. ಕಾರು ಮನೆ ಮುಂದೆ ನಿಂತಿರುತ್ತದೆ.

ಕಾರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಒಂದು ಸೋಮವಾರ ಬೆಳಗಿನ ಜಾವ ಐದಕ್ಕೆ ಕೀ ತಿರುಗಿಸಿದರೆ ಟಿಕ್ ಟಿಕ್ ಸದ್ದು ಬಿಟ್ಟರೆ ಏನೂ ಇಲ್ಲ. ಪಕ್ಕದ ಮನೆಯವರ ಕಾರಿನಿಂದ ವೈರು ಕೊಟ್ಟ ಮೇಲೆ ಸ್ಟಾರ್ಟ್ ಆಯಿತು. ಶುಕ್ರವಾರದವರೆಗೆ ತೊಂದರೆಯೇ ಇಲ್ಲ. ಮುಂದಿನ ಸೋಮವಾರ ಮತ್ತೆ ಅದೇ ಕಥೆ. ಬ್ಯಾಟರಿ ಅಂಗಡಿಯವರು ಬದಲಾಯಿಸಿ ಎಂದರು. ಸಾಲ ಮಾಡಿ ಹೊಸದು ಹಾಕಿಸಿದ್ದಾಯಿತು. ಎರಡು ಸೋಮವಾರ ಸರಿಯಿತ್ತು, ಮೂರನೆಯದಕ್ಕೆ ಅದೂ ಸತ್ತಿತು.

ಮೂರು ಟ್ರಿಪ್ ತಪ್ಪಿದ ಮೇಲೆ ಗುತ್ತಿಗೆದಾರರು, ಇನ್ನೊಮ್ಮೆ ಹೀಗಾದರೆ ಬೇರೆ ಗಾಡಿ ಹಾಕುತ್ತೇವೆ ಎಂದುಬಿಟ್ಟರು. ಕಾರಿನ ಕಂತು ಇನ್ನೂ ಮೂರು ವರ್ಷ ಕಟ್ಟಬೇಕು. ಅಕ್ಕ ಫೋನ್ ಮಾಡಿ, "ಒಂದ್ಸಲ ಬಂದು ಹೋಗೋ, ನಿಮ್ ಭಾವ ರಾತ್ರಿ ಎಲ್ಲಾ ನಿದ್ದೇನೇ ಮಾಡಲ್ಲ" ಎಂದಳು.

ನನಗೆ ಕಾರಿನ ರಿಪೇರಿ ಗೊತ್ತಿಲ್ಲ. ಆದರೆ ಸುದ್ದಿಗೆ ಹೋದಾಗ ಕೇಳುವ ಪ್ರಶ್ನೆಗಳನ್ನೇ ಕೇಳಿದೆ. ಯಾವತ್ತಿನಿಂದ? ಯಾವ ದಿನ? ಅದಕ್ಕೆ ಮೊದಲು ಕಾರಿಗೆ ಹೊಸದಾಗಿ ಏನು ಹಾಕಿಸಿದ್ರಿ ಭಾವ?

"ಏನೂ ಇಲ್ಲಪ್ಪ," ಎಂದವರು ಸ್ವಲ್ಪ ಹೊತ್ತು ಬಿಟ್ಟು, "ಗಾಜಿನ ಮೇಲೆ ಕ್ಯಾಮೆರಾ ಹಾಕಿಸಿದ್ದೆ. ಅದು ಇಷ್ಟುದ್ದ ಇದೆ, ಅದೆಷ್ಟು ಕರೆಂಟ್ ತಿಂದೀತು?" ಎಂದರು.

ಅಲ್ಲೇ ಅಡ್ಡರಸ್ತೆಯೊಂದರ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಅವರು ಮೊದಲು ಚಾರ್ಜಿಂಗ್ ನೋಡಿದರು. ಇಂಜಿನ್ ಓಡುವಾಗ 14 ವೋಲ್ಟ್ ಬರುತ್ತಿತ್ತು. ಸಾಮಾನ್ಯವಾಗಿ 13.5ರಿಂದ 14.5 ಇದ್ದರೆ ಆಲ್ಟರ್ನೇಟರ್ ಸರಿ ಇದೆ ಎಂದರ್ಥ. ಹಾಗಾದರೆ ತುಂಬುವುದರಲ್ಲಿ ದೋಷವಿಲ್ಲ, ಎಲ್ಲೋ ಸೋರುತ್ತಿದೆ.

ಕಾರು ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ಆ ವೈರಿಗೂ ಬ್ಯಾಟರಿಗೂ ನಡುವೆ ಆಂಪಿಯರ್ ಅಳೆಯುವ ಮೀಟರ್ ಸೇರಿಸಿದರು. ಬಾಗಿಲು ತೆರೆದೇ ಇತ್ತು. ಅದರ ಲಾಕನ್ನು ಮಾತ್ರ ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆ ಎಂದು ಕಾರನ್ನೇ ನಂಬಿಸಿದರು. ಆಮೇಲೆ, "ಟೀ ಕುಡ್ಕೊಂಡ್ ಬನ್ನಿ ಸಾರ್, ಕಾರು ಮಲಗಬೇಕು" ಎಂದರು.

ಹೊಸ ಕಾರುಗಳಲ್ಲಿ ಒಂದಲ್ಲ, ಹಲವು ಪುಟ್ಟ ಕಂಪ್ಯೂಟರ್‌ಗಳಿರುತ್ತವೆ. ಕೀ ತೆಗೆದ ತಕ್ಷಣ ಅವು ಸುಮ್ಮನಾಗುವುದಿಲ್ಲ. ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಎಲ್ಲ ಮಲಗಿದ ಮೇಲೆ 0.05 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ನಾವು ವಾಪಸ್ ಬಂದಾಗ ಮೀಟರ್ 0.4ರಲ್ಲಿ ನಿಂತಿತ್ತು.

ಲೆಕ್ಕ ಹಾಕಿ ನೋಡಿ. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆವರೆಗೆ ಸುಮಾರು 55 ಗಂಟೆ. 0.4ರಂತೆ 22 ಆಂಪಿಯರ್ ಅವರ್ ಖಾಲಿ. ಭಾವನ ಕಾರಿನ ಬ್ಯಾಟರಿ 35ರದ್ದು. ಅರ್ಧಕ್ಕಿಂತ ಹೆಚ್ಚು ಹೋದರೆ ಸ್ಟಾರ್ಟರ್ ತಿರುಗುವುದೆಲ್ಲಿಂದ? ವಾರದ ದಿನಗಳಲ್ಲಿ ರಾತ್ರಿ ಹೋದದ್ದನ್ನು ಹಗಲು ಓಡಾಟ ತುಂಬುತ್ತಿತ್ತು. ಅದಕ್ಕೇ ಸೋಮವಾರ ಮಾತ್ರ ಈ ಗೋಳು.

ಎಲೆಕ್ಟ್ರಿಷಿಯನ್ ಒಂದೊಂದೇ ಫ್ಯೂಸ್ ಕಿತ್ತು ಮತ್ತೆ ಹಾಕುತ್ತಾ ಹೋದರು. ಏಳೋ ಎಂಟೋ ಆದ ಮೇಲೆ ಮೀಟರ್ ಒಮ್ಮೆಲೇ 0.03ಕ್ಕೆ ಇಳಿಯಿತು. ಆ ಫ್ಯೂಸಿನ ಹಿಂದೆ ಟೇಪು ಸುತ್ತಿದ ವೈರು. ಅದನ್ನು ಹಿಡಿದು ಹೋದರೆ ಗಾಜಿನ ಕ್ಯಾಮೆರಾ. ಕೀ ಆಫ್ ಆದರೂ ಕರೆಂಟ್ ಇರುವ ಫ್ಯೂಸಿಗೆ ಅದನ್ನು ಕೊಟ್ಟಿದ್ದರು. ಕಾರು ನಿಂತಾಗಲೂ ಅದು ಖಾಲಿ ರಸ್ತೆಯ ವಿಡಿಯೋ ತೆಗೆಯುತ್ತಿತ್ತು. ವೈರನ್ನು ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಾಯಿಸಿದರು. ಕೂಲಿ ಮುನ್ನೂರು ರೂಪಾಯಿ. ಭಾವ ಆ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟರು. ಸುಮ್ಮನೆ ಬದಲಾಯಿಸಿದ ಬ್ಯಾಟರಿಯ ದುಡ್ಡು ಅವರ ಕಣ್ಣ ಮುಂದೆ ಬಂದಿರಬೇಕು.

ಇದನ್ನು ಊರಿನವರಿಗೆ ಬರೆಯಲು ಕಾರಣವಿದೆ. ನಮ್ಮ ಕಡೆಯ ಪಿಕಪ್, ಟ್ರ್ಯಾಕ್ಟರ್‌ಗಳಿಗೂ ಈಗ ಮ್ಯೂಸಿಕ್ ಸಿಸ್ಟಮ್, ಬಣ್ಣದ ಲೈಟು, ಜಿಪಿಎಸ್ ಹಾಕಿಸುತ್ತಾರೆ. ರಾತ್ರಿ ಟೊಮ್ಯಾಟೊ ತುಂಬಿಟ್ಟು ಬೆಳಿಗ್ಗೆ ಗಾಡಿ ಏಳದಿದ್ದರೆ ಮಾರ್ಕೆಟ್ ಕಾಯುವುದಿಲ್ಲ. ಹಳೇ ಡೀಸೆಲ್ ಜೀಪನ್ನು ನಾಲ್ಕು ಜನ ತಳ್ಳಿದರೆ ಹೊರಡುತ್ತಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಇಂಧನ ಸಿಂಪಡಿಸುವುದಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಪ್ರಯೋಜನವಿಲ್ಲ.

ಏನೇ ಹಾಕಿಸುವಾಗಲೂ, "ಕೀ ತೆಗೆದ್ರೆ ಇದು ಆಫ್ ಆಗುತ್ತಾ?" ಎಂದು ಕೇಳಿ. ಹಳದಿ ಬೋರ್ಡಿನ ಗಾಡಿಗೆ ಸರ್ಕಾರದ ನಿಯಮದಂತೆ ಹಾಕಿದ ಜಿಪಿಎಸ್ ಮಾತ್ರ ಕೀಳಬೇಡಿ. ಸಾಧಾರಣ ಮೀಟರ್ ಒಂದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ ಅಳೆಯಿರಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕಡಿಮೆ ಇದ್ದರೆ ಬಹುತೇಕ ಖಾಲಿ. ಆಂಪಿಯರ್ ಅಳೆಯಲು ಮೀಟರ್ ಸೇರಿಸಿದಾಗ ಮಾತ್ರ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರ್ ಸುಟ್ಟುಹೋಗುತ್ತದೆ.

ಮತ್ತೆ ಮತ್ತೆ ಪೂರ್ತಿ ಖಾಲಿಯಾದರೆ ಹೊಸ ಬ್ಯಾಟರಿಯೂ ಬೇಗ ಹಾಳಾಗುತ್ತದೆ. ಕೊಡ ಬದಲಾಯಿಸುವ ಮೊದಲು ತೂತು ಎಲ್ಲಿದೆ ನೋಡಿ.